ವಾಸಿಯಾಗಿಬಿಟ್ಟ ಕೈ

ಕೈ ಕೆಸರಾದರೆ ಬಾಯಿಗೆ ಚಮಚ. ಗಾದೆ ಹೀಗಿಲ್ಲ ಅಂತ ನೀವು ತಗಾದೆ ತೆಗೆಯಬಹುದು. ತೆಗೆಯಿರಿ. ಆದರೆ ಮೂಲ ಗಾದೆ ಕಟ್ಟಿದ ಪುಣ್ಯಾತ್ಮ ಗದ್ದೆಯ ಕೆಸರು ಕಂಡಿದ್ದನೇ ಹೊರತು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಸೀಮೆಎಣ್ಣೆ ತೊಟ್ಟಿ ಕಂಡಿರಲಿಲ್ಲ. ಆ ತೊಟ್ಟಿಯಲ್ಲಿ ದಿನವಿಡೀ ಕೈ ಅದ್ದಿದವನಿಗೆ ಸಂಜೆ ಗಟ್ಟಿ ಮೊಸರೇ ಸಿಕ್ಕಲಿ, ಅದನ್ನು ಅನ್ನಕ್ಕೆ ಕಲಸಿಕೊಳ್ಳುವ ಬೆರಳು ಉಳಿದಿರುವುದಿಲ್ಲ. ಚಮಚವೇ ಗತಿ. ಇದು ಕಟ್ಟುಕತೆಯಲ್ಲ. ಮಾಗಡಿ ರಸ್ತೆ ಟೋಲ್‌ಗೇಟಿನ ಹಿಂದಿನ ವಠಾರವೊಂದರಲ್ಲಿ ಹಾಡುಹಗಲೇ ನಡೆದದ್ದು. ಒಗ್ಗರಣೆ ಮಾತ್ರ ಹೇಳುವವನದು.

ಪಂಚಾಕ್ಷರಿ ಆ ಎಸ್ಟೇಟಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ವಾಷರ್. ವಾಷರ್ ಅಂದರೆ ನಲ್ಲಿಯೊಳಗಿನ ರಬ್ಬರ್ ಬಿಲ್ಲೆಯಲ್ಲ, ತೊಳೆಯುವವನು. ಲೇತಿನಿಂದ ಇಳಿದ ಜಿಡ್ಡುಜಿಡ್ಡು ಬಿಡಿಭಾಗಗಳನ್ನು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಡಾ ನೀರಿನಲ್ಲಿ ಬರಿಗೈಯಿಂದ ತಿಕ್ಕಿ ಬೆಳಗುವುದು ಅವನ ಕೆಲಸ. ಬಿಡಿಭಾಗಗಳು ಮದುಮಗನ ಹಾಗೆ ಹೊಳೆಯುತ್ತಿದ್ದವು. ಕೈ ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಬೆರಳ ಸಂದಿಯಲ್ಲಿ ಕೆಂಪು, ಅಂಗೈ ತುಂಬ ಹೊಟ್ಟು, ಮೇಲೆ ತುರಿಕೆ. ಮದುವೆಮನೆ ಪಂಕ್ತಿಯಲ್ಲಿ ಸಾರು ಅನ್ನಕ್ಕೆ ಕೈ ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಡಿಸುವವರು ಮದುಮಗಳು ಇವನ ಹಳೇ ಪರಿಚಯವೇ ಇರಬೇಕು ಅಂದುಕೊಳ್ಳುತ್ತಿದ್ದರು.

ಇದೆಲ್ಲ ಹೋಗಲಿ ಅಂದರೆ ವರ್ಷ ತುಂಬದ ಮಗಳು. ಅಪ್ಪ ಕೆನ್ನೆ ಸವರಿದರೆ ಸಾಕು, ಉಪ್ಪುಕಾಗದ ಉಜ್ಜಿದಂತಾಗಿ ಕಿಟಾರನೆ ಕಿರುಚುತ್ತಿದ್ದಳು. ಅಪ್ಪ ಅನ್ನುವುದೊಂದು ಒರಟು ಪದಾರ್ಥ ಎಂದು ಕೂಸು ತೀರ್ಮಾನಿಸಿಬಿಟ್ಟಿತ್ತು.

ಹೀಗಾಗಿ ಪಂಚಾಕ್ಷರಿಯ ಬಾಳಿನಲ್ಲಿ ಉಳಿದಿದ್ದ ಆಸೆ ಒಂದೇ, ಟೂಲ್ ಸ್ಟೋರಿನ ಕುರ್ಚಿ. ಅಲ್ಲಿ ಕೂತಿದ್ದವರು ರಿಟೈರಾಗಿದ್ದರು. ಕಿಟಕಿಯಿಂದ ಸ್ಪ್ಯಾನರು ಕೊಡುವುದು, ಕಿಟಕಿಯಿಂದ ಸ್ಪ್ಯಾನರು ತಗೊಳ್ಳುವುದು. ಸೀಮೆಎಣ್ಣೆಯ ವಾಸನೆಯೂ ಇಲ್ಲ. ಫೋರ್‌ಮನ್ ಗುರುಬಸಪ್ಪ ಒಪ್ಪಿದ್ದರು. "ಲೈಟ್ ಡ್ಯೂಟಿ ಅಂತ ಡಾಕ್ಟ್ರು ಬರೀಲಿ ಕಣಯ್ಯ, ಮಾರನೇ ದಿನವೇ ಕುರ್ಚಿ ನಿಂದು," ಅಂದಿದ್ದರು. ಕಾರ್ಖಾನೆಯ ಡಾಕ್ಟರ್ ಏಕಾಂತಯ್ಯ ಆಯುಧಪೂಜೆ ಕಳೆದು ಕಾರ್ಖಾನೆ ತೆರೆದ ದಿನ ಮಧ್ಯಾಹ್ನ ಕೈ ನೋಡುವುದೆಂದು ಗೊತ್ತಾಯಿತು.

ಯಂತ್ರಗಳಿಗೆಲ್ಲ ಕುಂಕುಮ ಬಳಿದದ್ದಾಯಿತು. ಪಂಚಾಕ್ಷರಿಯೂ ತನ್ನ ಕೈ ತಿನ್ನುವ ತೊಟ್ಟಿಗೆ ತಾನೇ ಬಾಳೆಕಂದು ಕಟ್ಟಿ ಆರತಿ ಎತ್ತಿದ. ಆದರೆ ಆ ವರ್ಷ ಮಳೆ ಕೈಕೊಟ್ಟಿತ್ತು, ಅಣೆಕಟ್ಟೆ ಬರಿದಾಗಿತ್ತು. ಹಬ್ಬಕ್ಕೆ ಮುಚ್ಚಿದ ಕಾರ್ಖಾನೆ ಕರೆಂಟಿಲ್ಲದೆ ಎರಡು ವಾರ ತೆರೆಯಲೇ ಇಲ್ಲ. ಅನಾಹುತ ಆದದ್ದು ಅಲ್ಲೇ. ತೊಟ್ಟಿ ಬಿಟ್ಟ ಕೈ, ತವರಿಗೆ ಹೋದ ಸೊಸೆಯ ಹಾಗೆ, ದಿನೇ ದಿನೇ ಮೈತುಂಬಿಕೊಂಡು ನುಣ್ಣಗಾಗಿಬಿಟ್ಟಿತು.

ತೆರೆಯುವ ದಿನ ಬೆಳಿಗ್ಗೆ ಪಂಚಾಕ್ಷರಿ ಉಪ್ಪಿಟ್ಟನ್ನು ಕೈಯಲ್ಲೇ ತಿಂದ. ಮಗು ಅವನ ಅಂಗೈ ಮೇಲೆ ಕೆನ್ನೆಯಿಟ್ಟು ನಿದ್ದೆಹೋಯಿತು. ಹೆಂಡತಿ ಜಗದಾಂಬಾ ನೋಡಿ ಕಣ್ಣೊರೆಸಿಕೊಂಡಳು. ಅಷ್ಟು ಹೊತ್ತಿಗೆ ಮೂಲೆಯ ಕಾಫಿಪುಡಿ ಅಂಗಡಿಯ ಹನುಮಂತಯ್ಯ ಬಂದು, "ಪಂಚಾಕ್ಷರಿ, ನಿಂಗೆ ಫೋನು. ಯಾರೋ ಡಾಕ್ಟರಂತೆ," ಅಂದ.

ಆ ಬೀದಿಗೆಲ್ಲ ಅದೊಂದೇ ಫೋನು. ಪಂಚಾಕ್ಷರಿ ಚಪ್ಪಲಿ ಕೂಡ ಮೆಟ್ಟದೆ ಓಡಿದ.

"ನೋಡಪ್ಪಾ," ಅಂತು ಫೋನು, ಪೂರ್ತಿ ಮೂಗಿನಿಂದ. "ಹ್ಞೂಂ. ನಾನು ಏಕಾಂತಯ್ಯ. ಹ್ಞೂಂ. ಕೈ ಹೇಗಿದೆ?"

"ಚೆನ್ನಾಗಿದೆ ಸಾರ್," ಅಂದುಬಿಟ್ಟ ಬಡಪಾಯಿ.

"ಚೆನ್ನಾಗಿದ್ರೆ ನನ್ಹತ್ರ ಯಾಕಪ್ಪಾ ಬರ್ತೀಯ? ಒಡೆದ ಕೈ ತಂದ್ರೆ ಸ್ಟೋರು. ನುಣುಪು ಕೈ ತಂದ್ರೆ ತೊಟ್ಟಿ. ಹ್ಞೂಂ. ಸುಳ್ಳು ಕಾಯಿಲೆ ಅಂತ ಬರೆದ್ರೆ ಮುಂದೆ ಯಾರೂ ಅಳಿಸೋಕಾಗಲ್ಲ. ತಿಳೀತಾ?"

ಫೋನು ಕಟ್ಟಾಯಿತು.

ನಿಮ್ಮಿಂದ ಮುಚ್ಚಿಡುವುದೇನು, ಅದು ಡಾಕ್ಟರಲ್ಲ, ನಾಣಿ. ಪಂಚಾಕ್ಷರಿಯ ಗೋಡೆಪಕ್ಕದ ಮನೆ, ಅದೇ ಕಾರ್ಖಾನೆಯಲ್ಲಿ ಲೇತ್ ಕೆಲಸ. ಅವನ ಗಂಟಲು ಅವನದಲ್ಲ, ಸಾರ್ವಜನಿಕ ಆಸ್ತಿ. ಹಾಲಿನ ಗೌಡರಿಂದ ಹಿಡಿದು ಬಿಟಿಎಸ್ ಕಂಡಕ್ಟರ್‌ವರೆಗೆ ಯಾರು ಬೇಕಾದರೂ ಅದರೊಳಗಿಂದ ಮಾತಾಡುತ್ತಿದ್ದರು. ಹಿಂದಿನ ಸಂಜೆ ಪಂಚಾಕ್ಷರಿ ತನ್ನ ಕೈಯನ್ನು ನವರಾತ್ರಿ ಬೊಂಬೆಯ ಹಾಗೆ ಮನೆಮನೆಗೂ ತೋರಿಸಿ ಬಂದದ್ದು ನೋಡಿ ಅವನ ನಾಲಗೆ ತುರಿಸಿತ್ತು. ಒಂದು ಗಂಟೆ ಒದ್ದಾಡಲಿ, ಆಮೇಲೆ ಹೇಳಿದರಾಯ್ತು ಅಂದುಕೊಂಡು ಮಾಗಡಿ ರಸ್ತೆ ಬಸ್‌ಸ್ಟಾಪಿನ ಎದುರಿದ್ದ ಹೋಟೆಲಿನ ಫೋನು ಎತ್ತಿದ. ಆದರೆ ಇಡುವ ಹೊತ್ತಿಗೆ ಕೆಂಗೇರಿ ಬಸ್ಸು ಬಂದುಬಿಟ್ಟಿತು. ಅತ್ತೆಮನೆಗೆ ಮುಖ ತೋರಿಸಿ ಅಲ್ಲಿಂದಲೇ ಮಧ್ಯಾಹ್ನದ ಶಿಫ್ಟಿಗೆ ಹೋಗುವುದೆಂದು ಹೆಂಡತಿಗೆ ಮಾತುಕೊಟ್ಟಿದ್ದ. ಬಸ್ಸು ಹತ್ತಿದ. ತಮಾಷೆ ಮಾತ್ರ ವಠಾರದಲ್ಲೇ ಇಳಿದುಕೊಂಡಿತು.

ಪಂಚಾಕ್ಷರಿ ಮನೆಗೆ ಬಂದವನೇ ಬಚ್ಚಲ ಮೂಲೆಯ ಮುಸುರೆ ಪಾತ್ರೆ ಬುಟ್ಟಿ ಎತ್ತಿಕೊಂಡು ವಠಾರದ ನಲ್ಲಿಯ ಮುಂದೆ ಕೂತ. ಒಂದು ಕೈಯಲ್ಲಿ ಬೂದಿ, ಇನ್ನೊಂದರಲ್ಲಿ ವಾಷಿಂಗ್ ಸೋಡಾ, ಮಧ್ಯೆ ತೆಂಗಿನ ನಾರು.

ಜಗದಾಂಬಾ ಹೊಸಿಲಲ್ಲೇ ನಿಂತಳು. "ಏನ್ರೀ ಇದು?"

"ಪಾತ್ರೆ ತೊಳೀತಾ ಇದೀನಿ."

"ಅದು ಕಾಣ್ತಾ ಇದೆ. ನಾನು ಇನ್ನೂ ಬದುಕಿದೀನಿ ಅನ್ನೋದು ನಿಮಗೆ ಕಾಣ್ತಾ ಇದೆಯಾ? ಎದ್ದೇಳಿ. ನೋಡಿದವರು ಗಂಡನ ಕೈಲಿ ಮುಸುರೆ ತೊಳಿಸ್ತಾಳೆ ಅಂತಾರೆ."

"ಕೈ ಕೆಡಬೇಕು ಕಣೇ. ಡಾಕ್ಟ್ರು ಹೇಳಿದಾರೆ."

"ಕೈ ಕೆಡಿಸ್ಕೊಂಡು ಬಾ ಅನ್ನೋ ಡಾಕ್ಟ್ರನ್ನ ನಾನೆಲ್ಲೂ ಕಂಡಿಲ್ಲ. ಕೈಯಲ್ಲ, ನಿಮ್ಮ ತಲೆ ಕೆಟ್ಟಿದೆ," ಅಂದು ಬಾಗಿಲು ಹಾಕಿಕೊಂಡಳು.

ಬಾಗಿಲು ಹಾಕಿದ್ದು ಒಂದು, ತೆರೆದದ್ದು ಐದಾರು. ಮೊದಲು ಬಂದವರು ಎದುರು ಮನೆ ಅನಂತಲಕ್ಷ್ಮಮ್ಮ. ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ನೋಡಿ, "ಏನ್ ಹೊಳಪು ರೀ ಪಂಚಾಕ್ಷರಿ ನಿಮ್ಮ ಕೈಲಿ. ಹಿತ್ತಾಳೆ ಲೋಟ ಚಿನ್ನದ್ದಾಗಿದೆ," ಅಂದರು.

"ಇನ್ನೂ ಇದ್ರೆ ತನ್ನಿ ಆಂಟಿ, ತೊಳೆದುಕೊಡ್ತೀನಿ."

ಅವರು ತಂದರು. ಹಬ್ಬದಲ್ಲಿ ಬೋಂಡ ಕರಿದ ಬಾಣಲೆ, ಒಳಗೆ ಮಸಿ ಹೊರಗೆ ಮಸಿ, ಮದುವೆಯಾದಾಗಿನಿಂದ ಸಾಕಿಕೊಂಡು ಬಂದದ್ದು. ಅದರ ಹಿಂದೆ ಪಕ್ಕದ ಮನೆಯ ನೀರಿನ ಹಂಡೆ. ಅದರ ಹಿಂದೆ ಯಾರದೋ ಬೀಗರ ಮನೆಯಿಂದ ಎರವಲು ತಂದ ಕೊಳದಪ್ಪಲೆ. ಪಂಚಾಕ್ಷರಿ ಯಾವುದಕ್ಕೂ ಒಲ್ಲೆ ಅನ್ನಲಿಲ್ಲ. ವಠಾರದ ಹೆಂಗಸರು ನಲ್ಲಿಯ ಸುತ್ತ ಸೇರಿ ತಂತಮ್ಮ ಗಂಡಂದಿರ ಕಡೆ ಒಂದು ನಮೂನೆ ನೋಡಿದರು. ಅದರ ಫಲವಾಗಿ ದೊಡ್ಡಣ್ಣ ಎಂಬ ಪೋಸ್ಟ್‌ಮನ್ ಅವನ ಬಳಿ ಕೂತು, ಬೀಡಿ ಹಚ್ಚುವವನ ಹಾಗೆ ನಟಿಸುತ್ತ ಪಿಸುಗುಟ್ಟಿದ.

"ಗುರು, ಇದು ಸರಿಯಲ್ಲ. ನೀನೊಬ್ಬ ಹಿಂಗೆ ಶುರು ಮಾಡಿದ್ರೆ ನಾಳೆ ಉಳಿದವರ ಗತಿ ಏನು? ನಿನ್ನ ಕಾಲಿಗೆ ಬೀಳ್ತೀನಿ, ಒಂದು ಲೋಟನಾದ್ರೂ ಒಡೆದು ಹಾಕು."

"ಹಿತ್ತಾಳೆ ಒಡೆಯಲ್ಲ ಅಣ್ಣ."

"ಹಂಗಾದ್ರೆ ನಮ್ಮ ಸಂಸಾರ ಒಡೆಯುತ್ತೆ," ಅಂದು ಎದ್ದುಹೋದ.

ಪಂಚಾಕ್ಷರಿ ಕೈ ತಿರುಗಿಸಿ ನೋಡಿಕೊಂಡ. ಪರವಾಗಿಲ್ಲ, ಗೆಣ್ಣುಗಳ ಮೇಲೆ ಕೆಂಪು ಮೂಡಿತ್ತು, ಹೆಬ್ಬೆರಳ ಬುಡ ಬಿಗಿಯುತ್ತಿತ್ತು. ಇನ್ನೊಂದು ಹಂಡೆ ಆದರೆ ಬಿರುಕು ಗ್ಯಾರಂಟಿ. ಅಷ್ಟರಲ್ಲಿ ಕೊನೇ ಮನೆಯ ಶಿವಗಂಗಮ್ಮಜ್ಜಿ ಕೋಲೂರಿಕೊಂಡು ಬಂತು. ಕೈಯಲ್ಲಿ ಹರಳೆಣ್ಣೆ ಗಿಂಡಿ. ಅಜ್ಜಿಗೆ ಲೋಕದ ಸಕಲ ಕಷ್ಟಕ್ಕೂ ಹರಳೆಣ್ಣೆಯೇ ಮದ್ದು. ತಲೆನೋವಿಗೆ ಮೇಲಿಂದ, ಹೊಟ್ಟೆನೋವಿಗೆ ಒಳಗಿಂದ.

"ಅಯ್ಯೋ ಮಗನೇ, ಕೈ ಹೆಂಗೆ ಒಣಗಿದೆ ನೋಡು. ಕೊಡಪ್ಪ ಇಲ್ಲಿ."

"ಬೇಡ ಅಜ್ಜಿ. ಒಣಗಲಿ ಅಂತಲೇ..."

"ಸುಮ್ನಿರೋ. ಚರ್ಮಕ್ಕೆ ದೇವರು ಒಂದು ಪೊರೆ ಎಣ್ಣೆ ಹಚ್ಚಿ ಕಳಿಸಿರ್ತಾನೆ. ನೀವು ಸೋಡಾ ಹಾಕಿ ಉಜ್ಜಿ ಉಜ್ಜಿ ತೆಗೆದು, ಆಮೇಲೆ ಉರಿ ಉರಿ ಅಂತೀರಿ."

ಹಿರಿಯರು ಹಿಡಿದ ಕೈ ಕಿತ್ತುಕೊಳ್ಳುವುದು ಹೇಗೆ? ಅಜ್ಜಿ ಒಂದೊಂದೇ ಬೆರಳಿಗೂ ಎಣ್ಣೆ ತೀಡಿ, ಎರಡೂ ಅಂಗೈ ಸೇರಿಸಿ ಉಜ್ಜಿ, ಶಿವಶಿವಾ ಅಂದು ಹೋಯಿತು. ನೋಡುನೋಡುತ್ತ ಕೆಂಪು ಇಳಿಯಿತು. ಪಂಚಾಕ್ಷರಿ ಮತ್ತೆ ಸೋಡಾ ಹಾಕಿ ತಿಕ್ಕಿದ. ಕೆಂಪೇರಿತು. ತುಳಸಿಗೆ ನೀರು ಹಾಕಲು ಬಂದ ಅಜ್ಜಿ ಅದನ್ನು ನೋಡಿ ಮತ್ತೆ ಗಿಂಡಿ ತಂದಿತು. ಇಳಿಯಿತು. ಹೀಗೆ ಅಜ್ಜಿ ಕಟ್ಟಿದ ಗೋಡೆಯನ್ನು ಇವನು ಕೆಡವುವುದು, ಇವನು ಕೆಡವಿದ್ದನ್ನು ಅಜ್ಜಿ ಕಟ್ಟುವುದು. ಕಾರ್ಪೊರೇಷನ್ನಿನವರು ರಸ್ತೆ ಅಗೆದ ಹಾಗಾಯಿತು. ಹೊತ್ತು ಮಾತ್ರ ನೆತ್ತಿಗೇರುತ್ತಿತ್ತು.

ಕೊನೆಗೆ ಅವನಿಗೆ ಹೊಳೆದದ್ದು ಮನೆಯ ಸೀಮೆಎಣ್ಣೆ ಡಬ್ಬಿ. ಆದರೆ ಆ ಕಾಲದಲ್ಲಿ ಡಿಪೋ ಮುಂದೆ ಕ್ಯೂ ನಿಂತು ತಂದ ಸೀಮೆಎಣ್ಣೆಯನ್ನು ಹೆಂಗಸರು ತಾಳಿಗಿಂತ ಒಂದು ಗುಲಗಂಜಿ ಹೆಚ್ಚೇ ಜೋಪಾನ ಮಾಡುತ್ತಿದ್ದರು. ಡಬ್ಬಿಯ ಮೇಲೆ ಜಗದಾಂಬಾ ಮಗುವಿನ ಜೊತೆ ಕೂತಿದ್ದಳು.

"ಒಂದು ಬೊಗಸೆ ಕೊಡೇ."

"ಒಂದು ಹನಿ ಕೊಡಲ್ಲ. ಬೆಳಿಗ್ಗೆ ಈ ಮಗು ನಿಮ್ಮ ಕೈ ಮೇಲೆ ಮಲಗಿತ್ತು. ನೆನಪಿದೆಯಾ?"

"ಅದಕ್ಕೇ ಕಣೇ ಇಷ್ಟೆಲ್ಲ. ಇವತ್ತೊಂದು ದಿನ ಕೈ ಕೆಟ್ರೆ ಕುರ್ಚಿ ಸಿಗುತ್ತೆ. ಕುರ್ಚಿ ಸಿಕ್ರೆ ಇವಳು ದಿನಾ ಮಲಗ್ತಾಳೆ."

ಜಗದಾಂಬಾ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಡಬ್ಬಿ ಬಿಟ್ಟು ಏಳಲಿಲ್ಲ.

ಹತಾಶನಾಗಿ ಹೊರಗೆ ಬಂದರೆ ಎದುರಿಗೇ ಭಾಗ್ಯದ ಬಾಗಿಲು. ವಠಾರದ ಕಾಂಪೌಂಡಿಗೆ ಸುಣ್ಣ ಹೊಡೆಯುತ್ತಿದ್ದ ಬೈರಪ್ಪ ಊಟಕ್ಕೆ ಎದ್ದಿದ್ದ. ಬಕೆಟ್ಟಿನ ತುಂಬ ಆಗತಾನೇ ಅರಳಿದ ಸುಣ್ಣ ಬಿಸಿಬಿಸಿಯಾಗಿ ಉಸಿರಾಡುತ್ತಿತ್ತು. ಪಂಚಾಕ್ಷರಿ ಬ್ರಷ್ಷು ಹುಡುಕುವ ಗೋಜಿಗೆ ಹೋಗಲಿಲ್ಲ. ಎರಡೂ ಕೈ ಅದ್ದಿ ಗೋಡೆಗೆ ಸಗಣಿ ಬೆರಣಿ ತಟ್ಟುವ ಹಾಗೆ ತಟ್ಟತೊಡಗಿದ. ಊಟ ಮುಗಿಸಿ ಬಂದ ಬೈರಪ್ಪ ಸಾಲುಸಾಲು ಹಸ್ತ ಮೂಡಿದ್ದ ಗೋಡೆಯನ್ನೂ ಅದರ ಮುಂದೆ ಒಂಟಿಕಾಲಲ್ಲಿ ಕುಣಿಯುತ್ತಿದ್ದ ಪಂಚಾಕ್ಷರಿಯನ್ನೂ ಕಂಡು, "ಸ್ವಾಮಿ, ಎಲೆಕ್ಷನ್ನು ಯಾವಾಗ?" ಅಂತ ಕೇಳಿದ.

ಕೈ ತೊಳೆದಾಗ ಫಲಿತಾಂಶ ಅದ್ಭುತವಾಗಿತ್ತು. ಅಂಗೈ ಬೀಟ್‌ರೂಟು, ಹಿಂಗೈ ಟೊಮ್ಯಾಟೊ, ಗೆಣ್ಣುಗೆಣ್ಣಿಗೂ ಬಿರುಕು, ಬಿರುಕುಬಿರುಕಿಗೂ ಉರಿ. ಎರಡು ವಾರದ ಹೊಸ ಚರ್ಮ ಒಂದೇ ಮಧ್ಯಾಹ್ನಕ್ಕೆ ಶಿವನ ಪಾದ ಸೇರಿತ್ತು. ಅಜ್ಜಿ ಗಿಂಡಿ ಹಿಡಿದು ಬರುವಷ್ಟರಲ್ಲಿ ಅವನು ಸೈಕಲ್ ಹತ್ತಿ ಹೊರಟಾಗಿತ್ತು. ಹ್ಯಾಂಡಲನ್ನು ಮುಂಗೈಯಿಂದ ಒತ್ತಿ, ಎರಡೂ ಅಂಗೈ ಆಕಾಶಕ್ಕೆ ತೋರಿಸಿಕೊಂಡು ಕಾರ್ಡ್ ರೋಡಿನಲ್ಲಿ ಹೋಗುತ್ತಿದ್ದವನನ್ನು ಕಂಡು ಒಬ್ಬ ಮುದುಕ ತಾನೂ ಕೈ ಎತ್ತಿ ಆಶೀರ್ವಾದ ಮಾಡಿದ.

ಡಾಕ್ಟರ್ ಏಕಾಂತಯ್ಯನವರಿಗೆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಏಕಾಂತ ಸಿಕ್ಕಿರಲಿಲ್ಲ. ಅವರು ಶೆಡ್ಡಿನ ಮೂಲೆಯಲ್ಲಿ ಮೇಜು ಹಾಕಿಸಿಕೊಂಡು ಕೂತರೆ ಕೆಲಸ ಬಿಟ್ಟು ಎಲ್ಲರೂ ಸುತ್ತ ಸೇರುತ್ತಿದ್ದರು. ಅವತ್ತೂ ಸೇರಿದ್ದರು. ಗುರುಬಸಪ್ಪನವರು ಪಕ್ಕದಲ್ಲಿ ನಿಂತಿದ್ದರು. ಕೆಂಗೇರಿಯಿಂದ ನೇರ ಬಂದಿದ್ದ ನಾಣಿ ಹಿಂದಿನ ಸಾಲಿನಲ್ಲಿ ನಗು ಅಮುಕಿಕೊಂಡು ಇಣುಕುತ್ತಿದ್ದ. ಪಂಚಾಕ್ಷರಿ ವರದಕ್ಷಿಣೆ ತಟ್ಟೆ ಒಪ್ಪಿಸುವ ಹಾಗೆ ಎರಡೂ ಕೈ ಮುಂದಿಟ್ಟ. ನೋಡಿದ ನಾಣಿಯ ನಗು ಅಲ್ಲೇ ನಿಂತಿತು.

"ನೋಡಪ್ಪಾ," ಅಂದರು ಡಾಕ್ಟರು. "ಹ್ಞೂಂ. ತೊಟ್ಟಿಗೆ ಕೈ ಹಾಕಿ ಎಷ್ಟು ದಿನ ಆಯ್ತು?"

"ಹಬ್ಬದಿಂದ ಹಾಕಿಲ್ಲ ಸಾರ್. ಎರಡು ವಾರದ ಮೇಲಾಯ್ತು."

"ಅಷ್ಟು ದಿನದಲ್ಲಿ ಕೈ ವಾಸಿ ಆಗ್ಲಿಲ್ವಾ?"

ಪಂಚಾಕ್ಷರಿ ಎದೆಯುಬ್ಬಿಸಿದ. "ಒಂದು ಚೂರೂ ಇಲ್ಲ ಸಾರ್. ಇನ್ನೂ ಜಾಸ್ತಿನೇ ಆಗಿದೆ."

"ಹ್ಞೂಂ," ಅಂದು ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇದು ಕಾರ್ಖಾನೆ ಕಾಯಿಲೆ ಅಲ್ಲ."

"ಸಾರ್?"

"ಕೆಲಸದಿಂದ ಬಂದ ಇಸುಬು ಕೆಲಸ ಬಿಟ್ಟಾಗ ಇಳಿಯುತ್ತೆ, ಕೆಲಸಕ್ಕೆ ಬಂದಾಗ ಏರುತ್ತೆ. ಅದೇ ಅದರ ಗುರುತು. ಸೀಮೆಎಣ್ಣೆ, ಸೋಡಾ ಇವೆಲ್ಲ ಚರ್ಮದ ಹೆಂಚು ಕಿತ್ತುಹಾಕ್ತವೆ. ತೊಟ್ಟಿ ಬಿಟ್ರೆ ಚರ್ಮ ತಾನೇ ಹೆಂಚು ಹೊದಿಸ್ಕೊಳ್ಳುತ್ತೆ. ಇವತ್ತು ನೀನು ನುಣ್ಣನೆ ಕೈ ತರ್ತೀಯ, ನೋಡಿದ ತಕ್ಷಣ ಲೈಟ್ ಡ್ಯೂಟಿ ಬರೆದುಬಿಡೋಣ ಅಂತ ಬಂದಿದ್ದೆ. ನಿಂದು ರಜದಲ್ಲೇ ಜಾಸ್ತಿ ಆಗಿದೆ. ಇದು ಮನೆ ಕಾಯಿಲೆ. ತಿಳೀತಾ?"

ಪಂಚಾಕ್ಷರಿಗೆ ತಿಳಿಯಿತು. ತಿಳಿದವನು ಅಲ್ಲೇ ಸ್ಟೂಲಿನ ಮೇಲೆ ಕೂತ. ಗುರುಬಸಪ್ಪನವರು ಗಂಭೀರವಾಗಿ ತಲೆದೂಗಿದರು.

"ಅಂದ್ರೆ ಸಾರ್, ಇವನಿಗೆ ಮನೆ ಒಗ್ಗಲ್ಲ. ಕಾರ್ಖಾನೆ ಒಗ್ಗುತ್ತೆ. ಇನ್ಮೇಲೆ ಭಾನುವಾರನೂ ಓವರ್‌ಟೈಮ್ ಹಾಕಿಬಿಡ್ಲಾ?"

ನಾಣಿಗೆ ತಡೆಯಲಾಗಲಿಲ್ಲ. ಗುಂಪು ಸೀಳಿಕೊಂಡು ಮುಂದೆ ಬಂದ. ಮುಖ ಸುಣ್ಣದ ಬಕೆಟ್ಟಿಗಿಂತ ಬೆಳ್ಳಗಾಗಿತ್ತು.

"ಸಾರ್, ತಪ್ಪು ನಂದು. ಇವನ ಕೈ ನಿನ್ನೆವರೆಗೂ ಬೆಣ್ಣೆ ಥರ ಇತ್ತು ಸಾರ್, ಇಡೀ ವಠಾರವೇ ಸಾಕ್ಷಿ. ಬೆಳಿಗ್ಗೆ ನಾನು ಫೋನು ಮಾಡಿ, ಕೈ ಒಡೆದಿದ್ರೇನೇ ಸ್ಟೋರು ಅಂದೆ. ನಂಬಿ ಇವನೇ ಕೆಡಿಸ್ಕೊಂಡಿದಾನೆ."

"ನೀನು ಹೇಳಿದ್ರೆ ಅವನ್ಯಾಕೆ ನಂಬ್ತಾನೆ?"

ನಾಣಿ ನೆಲ ನೋಡಿದ. "ನಿಮ್ಮ ಧ್ವನೀಲಿ ಹೇಳಿದೆ ಸಾರ್."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಧ್ವನೀಲಿ ಅಂಥಾದ್ದೇನಿದೆ? ಎಲ್ಲಾರ ಥರಾನೇ ಇದೆ. ನೀನು ಇವನನ್ನ ಉಳಿಸೋಕೆ ಕತೆ ಕಟ್ತಾ ಇದೀಯ. ನಿಜವಾದ್ರೆ ಮಾಡಿ ತೋರ್ಸು."

"ಬೇಡ ಸಾರ್."

"ಮಾಡು ಅಂದೆ. ಮಾಡಿದ್ರೆ ನಂಬ್ತೀನಿ, ಇಲ್ದಿದ್ರೆ ಹೀಗೇ ಬರೀತೀನಿ."

ಸ್ನೇಹಿತನ ಕುರ್ಚಿಯ ಪ್ರಶ್ನೆ. ನಾಣಿ ಕಣ್ಣು ಅರ್ಧ ಮುಚ್ಚಿದ. ಅವನ ಕತ್ತು ಕುಗ್ಗಿತು, ಹೊಟ್ಟೆ ಬಂತು, ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಜಾರಿತು.

"ನೋಡಪ್ಪಾ. ಹ್ಞೂಂ. ಕೈ ತೋರ್ಸು. ಆ ಕೈ ಅಲ್ಲ, ಈ ಕೈ. ಹ್ಞೂಂ. ಈ ಕೈ ಅಲ್ಲ, ಆ ಕೈ. ನಾಲಗೆ ಚಾಚು. ಕಾಯಿಲೆ ಇರೋದು ಕೈಗೆ, ನಾಲಗೆ ಯಾಕೆ ಸಾರ್ ಅಂತ ಕೇಳಬಾರದು. ನಾಲಗೆ ನೋಡದಿದ್ರೆ ನಂಗೆ ನಿದ್ದೆ ಬರಲ್ಲ. ಹ್ಞೂಂ. ತಿಳೀತಾ? ನಂಗೂ ತಿಳೀಲಿಲ್ಲ."

ಯಾರೂ ನಗಲಿಲ್ಲ. ಎಲ್ಲರ ಕೆನ್ನೆಯೂ ಉಬ್ಬಿ ಕಣ್ಣು ಹೊರಬಂದಿತ್ತು, ಅಷ್ಟೇ. ಗುರುಬಸಪ್ಪನವರು ಬೆನ್ನು ತಿರುಗಿಸಿ, ಎಂದೂ ಇಲ್ಲದ ಆಸಕ್ತಿಯಿಂದ ಗೋಡೆಯ ಸ್ವಿಚ್‌ಬೋರ್ಡ್ ಪರೀಕ್ಷೆ ಮಾಡುತ್ತಿದ್ದರು. ಏಕಾಂತಯ್ಯನವರು ಕನ್ನಡಕ ಮತ್ತೆ ಹಾಕಿಕೊಂಡು ನಾಣಿಯನ್ನು ನೋಡಿದರು. ಒಳ್ಳೆಯ ಮನುಷ್ಯ. ಮಾಡಿದರೆ ನಂಬುತ್ತೇನೆ ಅಂದಿದ್ದರು, ನಂಬಿದರು.

"ಸರಿ," ಅಂದರು. "ನಾನೇ ಫೋನು ಮಾಡಿದೆ ಅಂತ ಇವನು ನಂಬಿದ್ದು ಆಶ್ಚರ್ಯವಲ್ಲ. ಕೈ ರಜದಲ್ಲಿ ವಾಸಿಯಾಗಿತ್ತು ಅನ್ನೋದಾದ್ರೆ ಇದು ತೊಟ್ಟಿ ಕಾಯಿಲೆಯೇ." ಪೆನ್ನು ಎತ್ತಿಕೊಂಡರು. ಕ್ಯಾಪು ತೆಗೆದರು. "ಒಂದೇ ಪ್ರಶ್ನೆ. ಈ ಕೈ ಮಡಚೋಕೆ, ಬಡಿಯೋಕೆ ಆಗುತ್ತೇನಪ್ಪ?"

"ಇಲ್ಲ ಸಾರ್," ಅಂದ ಪಂಚಾಕ್ಷರಿ. ಅದು ಅಕ್ಷರಶಃ ಸತ್ಯ. ಕಣ್ಣಲ್ಲಿ ನೀರಿತ್ತು. ಕುರ್ಚಿ ಅವನಿಂದ ಒಂದು ಸಹಿಯಷ್ಟು ದೂರದಲ್ಲಿತ್ತು.

ಡಾಕ್ಟರು ಬರೆಯಲು ಬಗ್ಗಿದರು. ಬಗ್ಗಿದವರು ಅಭ್ಯಾಸಬಲದಿಂದ, "ಹ್ಞೂಂ," ಅಂದರು. ಆಮೇಲೆ ತಲೆಯೆತ್ತಿ, "ಎಲ್ಲಿ, ನಾಲಗೆ ಚಾಚು."

ಪಂಚಾಕ್ಷರಿ ಚಾಚಬೇಕೆಂದೇ ಬಾಯಿ ತೆರೆದ. ಬಂದದ್ದು ನಾಲಗೆಯಲ್ಲ. ಬೆಳಗಿನಿಂದ ಹಂಡೆ, ಬಾಣಲೆ, ಸುಣ್ಣದ ಕೆಳಗೆ ಅಮುಕಿ ಕೂತಿದ್ದ ನಗು ಒಡ್ಡು ಒಡೆದ ಹಾಗೆ ನುಗ್ಗಿತು. ಅವನು ಸ್ಟೂಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗಿ ನಕ್ಕ. ಹೊಟ್ಟೆ ಹಿಡಿದು ನಕ್ಕ. ಮೇಜು ಗುದ್ದಿ ನಕ್ಕ. ಗುರುಬಸಪ್ಪನವರ ಬೆನ್ನಿಗೆ ಧಬಧಬ ಹೊಡೆದು ನಕ್ಕ. ಅದೂ ಸಾಲದೆ ಎರಡೂ ಅಂಗೈ ಸೇರಿಸಿ ಪಟಪಟನೆ ಚಪ್ಪಾಳೆ ತಟ್ಟಿ ನಕ್ಕ.

ಚಪ್ಪಾಳೆ ನಿಂತಾಗ ಪೆನ್ನಿನ ಕ್ಯಾಪು ಮುಚ್ಚಿತ್ತು.

"ಕೆಲಸಕ್ಕೆ ಯೋಗ್ಯ," ಅಂದರು ಏಕಾಂತಯ್ಯನವರು. ಒಂದು ಡಬ್ಬಿ ಮುಲಾಮು ಮೇಜಿನ ಮೇಲಿಟ್ಟು, ಬ್ಯಾಗು ಎತ್ತಿಕೊಂಡು, ಹ್ಞೂಂ ಅನ್ನದೆ ಹೊರಟುಹೋದರು.

ಶೆಡ್ಡು ಖಾಲಿಯಾಯಿತು. ಮಧ್ಯಾಹ್ನದ ಕರೆಂಟು ಬಂದು ಲೇತುಗಳು ತಿರುಗಿದವು. ಪಂಚಾಕ್ಷರಿ ತೊಟ್ಟಿಯ ಮುಂದೆ ನಿಂತು ಸೀಮೆಎಣ್ಣೆಗೆ ಕೈ ಇಳಿಸಿ, ಹಲ್ಲು ಕಚ್ಚಿ, "ಸ್ಸ್" ಅಂದ. ನಾಣಿ ಪಕ್ಕದಲ್ಲಿ ಅಪರಾಧಿಯ ಹಾಗೆ ನಿಂತಿದ್ದ.

"ಬೈಯೋ ಮಗಾ. ಎರಡು ಬಿಗಿ ಬೇಕಾದ್ರೆ. ನಿನ್ನ ಕುರ್ಚಿ ತಿಂದೆ ನಾನು."

ಪಂಚಾಕ್ಷರಿ ಒಂದು ವಾಲ್ವು ಎತ್ತಿ ತಿಕ್ಕಿದ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡು ನಾಣಿ ಅವನ ಹೆಗಲ ಮೇಲೆ ಕೈಯಿಟ್ಟ.

"ನಾಣಿ."

"ಹೇಳೋ."

"ಇನ್ನೊಂದ್ಸಲ ಮಾಡು ಕಣೋ. ಆ ಕೈ ಅಲ್ಲ, ಈ ಕೈ ಅಂತ ಅನ್ನೋದು."

ನಾಣಿ ಬೇಡವೆಂದ. ಪಂಚಾಕ್ಷರಿ ಬಿಡಲಿಲ್ಲ. ಕೊನೆಗೆ ನಾಣಿ ಅಳುಮುಖದಲ್ಲೇ ಕತ್ತು ಕುಗ್ಗಿಸಿ, "ನೋಡಪ್ಪಾ," ಅಂದನೋ ಇಲ್ಲವೋ, ತೊಟ್ಟಿಯ ಕಡೆಯಿಂದ ಎದ್ದ ನಗುವಿನ ಮುಂದೆ ಲೇತುಗಳ ಸದ್ದು ಯಾರಿಗೂ ಕೇಳಿಸಲಿಲ್ಲ.